ಹಡಪಸರದಲ್ಲಿ ಎಂಟರ್ ಒತ್ತುವ ಹಕ್ಕು

ಲೋಣಾವಳಾ

ಪುಣೆಗೆಂದು ಹೊರಟ ನಾನು ಮೊದಲು ತಲುಪಿದ ಊರು ಲೋಣಾವಳಾ. ಇದರಲ್ಲಿ ರೈಲಿನ ತಪ್ಪೇನೂ ಇರಲಿಲ್ಲ. ಅದು ಪುಣೆಯಲ್ಲಿ ನಿಲ್ಲಬೇಕಾದಷ್ಟು ಹೊತ್ತು ಸಭ್ಯವಾಗಿ ನಿಂತೇ ಮುಂದೆ ಸಾಗಿತ್ತು. ಆ ಹೊತ್ತಿನಲ್ಲಿ ನಾನು ಎದುರಿನ ಆಸನದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರೊಡನೆ ವಾದಕ್ಕಿಳಿದಿದ್ದೆ. ಕಟ್ಟಡದ ಕೆಲಸ ಮಾಡುವ ನಡುವಯಸ್ಸಿನ ಹೆಂಗಸರಿಗೆ ಕಂಪ್ಯೂಟರ್ ಕಲಿಸುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬುದು ಅವರ ಪಕ್ಷ. ಬಾರಿಸುವವರಿಗೇ ಶ್ರುತಿ ತಿಳಿಯದಿದ್ದಾಗ ದೋಷವನ್ನು ಕೋಣನ ಮೇಲೆ ಹೊರಿಸಬಾರದು ಎಂಬುದು ನನ್ನ ಪಕ್ಷ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ರೂಢಿಯಾದ ಕ್ರಮದಂತೆ ವಾದವನ್ನು ಅಂಶ ಅಂಶವಾಗಿ ಮಂಡಿಸಿದೆ. ಅವರು ಮೌನವಾದರು. ಗೆದ್ದ ಸಮಾಧಾನದಲ್ಲಿ ಕಿಟಕಿಯಾಚೆ ನೋಡಿದರೆ, ಊರಿರಬೇಕಾದ ಕಡೆ ಮೋಡವಿತ್ತು.

“ಪುಣೆ ಇನ್ನೆಷ್ಟು ದೂರ?” ಎಂದು ಕೇಳಿದೆ.

“ನೀವು ಮೂರನೆಯ ಅಂಶಕ್ಕೆ ಬಂದಾಗ ಪುಣೆ ಇತ್ತಲ್ಲಮ್ಮ,” ಎಂದರು ಅವರು. “ಮಾತಿನ ನಡುವೆ ಬಾಯಿ ಹಾಕಬಾರದೆಂದು ಸುಮ್ಮನಿದ್ದೆ.” ಅವರು ಮುಂಬೈಗೆ ಹೋಗುವವರು.

ಲೋಣಾವಳಾದಲ್ಲಿ ಮಳೆ ಬಂದುಹೋಗುವ ಅತಿಥಿಯಲ್ಲ, ಮನೆಯ ಯಜಮಾನ. ನಿಲ್ದಾಣದಿಂದ ಹೊರಗೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ನನ್ನ ಕೊಡೆ ತನ್ನ ಸೋಲನ್ನು ಒಪ್ಪಿಕೊಂಡಿತು. ನಮ್ಮ ತುಮಕೂರಿನಲ್ಲಿ ಕಡಲೆಮಿಠಾಯಿಯೆಂದರೆ ಪೆಟ್ಟಿಗೆ ಅಂಗಡಿಯ ಗಾಜಿನ ಭರಣಿಯೊಳಗೆ ಮಕ್ಕಳಿಗಾಗಿ ಕಾದು ಕುಳಿತಿರುವ ಬಡಪಾಯಿ. ಇಲ್ಲಿ ಅದಕ್ಕೆ ಚಿಕ್ಕಿ ಎಂದು ಹೆಸರಿಟ್ಟು, ಬಣ್ಣದ ಡಬ್ಬಿ ತೊಡಿಸಿ, ಅದರ ಹೆಸರಿನಲ್ಲಿ ಬೀದಿಗಟ್ಟಲೆ ಅಂಗಡಿಗಳನ್ನು ತೆರೆದಿದ್ದಾರೆ. ಮಳೆಗೆ ಆಶ್ರಯ ಬೇಡಿ ಒಂದು ಅಂಗಡಿಯ ಸೂರಿನಡಿ ನಿಂತೆ. ಮುಂಬೈಗೋ ಪುಣೆಗೋ ಎಂದು ಅಂಗಡಿಯವರು ಹಿಂದಿಯಲ್ಲಿ ವಿಚಾರಿಸಿದರು. ಪುಣೆಗೆ ಎಂದೆ. ಅವರು ನನ್ನ ರೈಲು ಹೋದ ದಿಕ್ಕನ್ನೊಮ್ಮೆ, ನನ್ನ ಪೆಟ್ಟಿಗೆಯನ್ನೊಮ್ಮೆ ನೋಡಿ, “ನಿಮ್ಮಂಥವರಿಂದಲೇ ನಮ್ಮ ವ್ಯಾಪಾರ ನಡೆಯುವುದು,” ಎಂದು ಒಂದು ಡಬ್ಬಿಯನ್ನು ಮುಂದೆ ತಳ್ಳಿದರು. ಡಬ್ಬಿಯೊಡನೆ ಪುಣೆಯ ಲೋಕಲ್ ಹತ್ತಿದೆ.

ನನ್ನ ಪ್ರಯಾಣದ ಉದ್ದೇಶವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ಗೆಳತಿಯರು ಸೇರಿ ದುಡಿಯುವ ಹೆಂಗಸರಿಗೆ ಕಂಪ್ಯೂಟರ್ ಕಲಿಸುತ್ತಿದ್ದೇವೆ. ಪುಣೆಯ ಹಡಪಸರದ ಸಾರ್ವಜನಿಕ ಗ್ರಂಥಾಲಯವೊಂದು ಅಂಥದೇ ತರಗತಿಯನ್ನು ಆರಂಭಿಸಿತ್ತು. ಕಲಿಯಲು ಬಂದವರು ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ವಲಸೆ ಹೋದ ಹೆಂಗಸರು. ಕಲಿಸುವವರಿಗೆ ಮರಾಠಿ ಮಾತ್ರ ಬರುತ್ತಿತ್ತು. ಈ ಹೆಂಗಸರಿಗೆ ಸಂತೆಯ ಮರಾಠಿ ಚೆನ್ನಾಗಿ ಬರುತ್ತದೆ, ಪಾಠದ ಮರಾಠಿ ಬರುವುದಿಲ್ಲ. ಕನ್ನಡದಲ್ಲಿ ಹೇಳಿಕೊಡುವವರು ಕೆಲವು ವಾರಗಳ ಮಟ್ಟಿಗೆ ಬೇಕೆಂದು ಕರೆ ಬಂದಿತು. ಜ್ಞಾನಕ್ಕೆ ಗಡಿಯಿಲ್ಲವೆಂದು ಎಷ್ಟೋ ವೇದಿಕೆಗಳಲ್ಲಿ ಘೋಷಿಸಿದವಳಿಗೆ ಮಹಾರಾಷ್ಟ್ರದ ಗಡಿ ದಾಟುವುದು ಕರ್ತವ್ಯವೆನಿಸಿತು.

ಹಡಪಸರ

ಹಡಪಸರದ ರಸ್ತೆಯಲ್ಲಿ ವಾಹನಗಳು ಚಲಿಸುತ್ತವೆ ಎಂಬುದನ್ನು ನಾನು ಸಾಕ್ಷ್ಯವಿಲ್ಲದೆ ಒಪ್ಪಲಾರೆ. ನಾನು ಕುಳಿತ ಆಟೋ ಒಂದು ಗಾಜಿನ ಕಚೇರಿಯ ಎದುರು ಎಷ್ಟು ಹೊತ್ತು ನಿಂತಿತ್ತೆಂದರೆ, ಅದರ ಕಾವಲುಗಾರನಿಗೂ ನನಗೂ ಮುಗುಳ್ನಗೆಯ ಪರಿಚಯವಾಯಿತು. ಕೊನೆಗೆ ಪ್ರಭಾಕರ ಶೆಟ್ಟರ ಹೋಟೆಲನ್ನು ತಲುಪಿದೆ. ಶೆಟ್ಟರು ಉಡುಪಿಯ ಕಡೆಯವರು, ಗ್ರಂಥಾಲಯದ ಸಮಿತಿಯ ಸದಸ್ಯರು, ನನ್ನನ್ನು ಕರೆಸಿಕೊಂಡವರು. ಹೋಟೆಲಿನ ಮೇಲಿನ ಕೋಣೆಯಲ್ಲಿ ನನಗೆ ವಸತಿ.

“ಎಂತ ಮೇಡಂ, ಲೋಣಾವಳಾ ನೋಡಿಕೊಂಡು ಬಂದ್ರಂತೆ,” ಎಂದರು. “ಒಳ್ಳೇದಾಯ್ತು ಮಾರಾಯ್ರೆ. ಇಲ್ಲಿಯವರು ಅದಕ್ಕಂತ ರಜೆ ಹಾಕಿ ಹೋಗ್ತಾರೆ.”

ಇಡ್ಲಿ ತರಿಸಿದರು. ಸುತ್ತಲಿನ ಮೇಜುಗಳಲ್ಲಿ ಜನ ಇಡ್ಲಿಯನ್ನು ಸಾಂಬಾರಿನೊಳಗೆ ಮುಳುಗಿಸಿ, ಚಮಚದಿಂದ ತುಂಡರಿಸಿ, ಆಮೇಲೆ ಬಟ್ಟಲನ್ನೆತ್ತಿ ಉಳಿದ ಸಾಂಬಾರನ್ನು ಚಹದಂತೆ ಕುಡಿಯುತ್ತಿದ್ದರು. ನನ್ನ ಬೆರಗನ್ನು ಗಮನಿಸಿದ ಶೆಟ್ಟರು, “ನಾನು ಮೊದಲು ತಿದ್ದಲಿಕ್ಕೆ ನೋಡಿದೆ. ಆಮೇಲೆ ಬಟ್ಟಲು ದೊಡ್ಡದು ಮಾಡಿದೆ,” ಎಂದರು. ಸುಧಾರಕಿಯಾದ ನನಗೆ ಆ ಸೂತ್ರ ಅಪಾಯಕಾರಿಯೆನಿಸಿತು.

ಅದೇ ಹೊತ್ತಿನಲ್ಲಿ ಅವರು ದೇವಮ್ಮನ ವಿಷಯ ಹೇಳಿದರು. “ನಿಮ್ಮ ಕ್ಲಾಸಿನಲ್ಲಿ ದೇವಮ್ಮ ಅಂತ ಒಬ್ಳು ಇದ್ದಾಳೆ. ಏಳನೇ ಕ್ಲಾಸು ಓದಿದವಳು. ಮೊಣಕಾಲು ಹೋಗಿದೆ ಪಾಪ, ಬುಟ್ಟಿ ಹೊತ್ತು ಮೆಟ್ಟಿಲು ಹತ್ತಲಿಕ್ಕೆ ಆಗುದಿಲ್ಲ. ತಳೇಗಾಂವದಲ್ಲಿ ಒಂದು ಫ್ಯಾಕ್ಟರಿ ಕ್ಯಾಂಟೀನು, ನನ್ನ ಗುರ್ತದವರದ್ದು. ಅಲ್ಲಿ ಸ್ಟೋರಿಗೆ ಜನ ಬೇಕು. ಬಂದ ತರಕಾರಿ, ದಿನಸಿ ಕಂಪ್ಯೂಟರಿನಲ್ಲಿ ಹಾಕಬೇಕು, ಕೂತು ಮಾಡುವ ಕೆಲಸ. ಮುಂದಿನ ಗುರುವಾರ ಪರೀಕ್ಷೆ. ಅದೊಂದು ದಾಟಿಸಿಬಿಡಿ ಮೇಡಂ. ಇಲ್ಲದಿದ್ರೆ ಅವಳು ಊರಿಗೆ ವಾಪಸು.”

ಎರಡು ಗಂಟೆಗೆ ಗ್ರಂಥಾಲಯಕ್ಕೆ ಹೋದೆ; ಮುಚ್ಚಿತ್ತು. ಬಾಗಿಲ ಮೇಲೆ ಮರಾಠಿಯಲ್ಲೊಂದು ಫಲಕ. ಹಿಂದಿಯ ಬಲದಿಂದ ಕೂಡಿಸಿ ಕೂಡಿಸಿ ಓದಿದೆ: “ಒಂದರಿಂದ ನಾಲ್ಕರವರೆಗೆ ವಿಶ್ರಾಂತಿ. ಬಾಗಿಲು ಬಡಿದರೆ ಬಾಗಿಲಿಗೆ ನೋವಾಗುತ್ತದೆ, ನಮಗೆ ಎಚ್ಚರವಾಗುವುದಿಲ್ಲ.” ನಾಲ್ಕಕ್ಕೆ ಮತ್ತೆ ಹೋದಾಗ ಬಾಗಿಲು ತೆರೆದಿತ್ತು, ಫಲಕಗಳ ಕರ್ತೃ, ಗ್ರಂಥಪಾಲಕಿ ಸಾಠೆ ಬಾಯಿಯವರು ಮೇಜಿನ ಹಿಂದೆ ಕುಳಿತಿದ್ದರು. ನಮ್ಮ ಕಡೆಯ ಗ್ರಂಥಾಲಯಗಳಲ್ಲಿ ‘ನಿಶ್ಶಬ್ದ’ ಎಂಬ ಒಂದು ಪದವಿರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಇಲ್ಲಿ ಪುಸ್ತಕ ಓದದವರೂ ಗೋಡೆಗಳನ್ನು ಓದಿಕೊಂಡು ಹೋಗುತ್ತಾರೆ. ವೃತ್ತಪತ್ರಿಕೆಗಳ ಮೇಜಿನ ಮೇಲೆ: “ಪದಬಂಧ ಬಿಡಿಸಬೇಡಿ. ನಿಮ್ಮ ಜಾಣತನವನ್ನು ನಾವು ಮೊದಲೇ ಒಪ್ಪಿದ್ದೇವೆ.” ಒಳಕೋಣೆಯಲ್ಲಿ, ಸಮೀಪದ ಕಚೇರಿಯೊಂದು ದಾನವಾಗಿ ಕೊಟ್ಟ ನಾಲ್ಕು ಕಂಪ್ಯೂಟರುಗಳ ಮೇಲೆ: “ಇವು ವಯಸ್ಸಾದ ಯಂತ್ರಗಳು. ಮನೆಯ ಹಿರಿಯರೊಡನೆ ನಡೆದುಕೊಳ್ಳುವಂತೆ ನಡೆದುಕೊಳ್ಳಿ.”

ನಾನು ಮರಾಠಿ ಕಲಿಯದೆ ಬಂದುದನ್ನು ಸಾಠೆ ಬಾಯಿಯವರು ಕ್ಷಮಿಸಿದರು. ನಾಲ್ಕು ಗಂಟೆಗೆ ಮೊದಲು ಬಂದುದನ್ನು ಕ್ಷಮಿಸಿದಂತೆ ಕಾಣಲಿಲ್ಲ.

ಗುರುವಾರ

ಪುಣೆಯ ಕಟ್ಟಡ ಕೆಲಸಗಾರರಿಗೆ ಗುರುವಾರವೇ ಭಾನುವಾರ. ಅಂದು ಬೆಳಿಗ್ಗೆ ಭೀಮವ್ವನವರ ತಂಡ ಬಂದಿತು. ಭೀಮವ್ವನವರು ಹಿರಿಯರು, ಕಟ್ಟಡದಲ್ಲಿ ಹೆಂಗಸರ ಕೆಲಸಕ್ಕೆ ಮುಖ್ಯಸ್ಥೆ, ಹಣೆಯಗಲದ ಕುಂಕುಮ, ಮೊಣಕೈವರೆಗೆ ಹಸಿರು ಬಳೆ. ಅವರ ಹಿಂದೆ ದೇವಮ್ಮ, ಒಂದು ಕಾಲನ್ನು ತುಸು ಎಳೆದು ಹಾಕುತ್ತ. ಅವರ ಹಿಂದೆ ಇನ್ನಿಬ್ಬರು ತರುಣಿಯರು. ನಾಲ್ವರು ಹೆಂಗಸರು, ನಾಲ್ಕು ಕಂಪ್ಯೂಟರು. ಇಂಥ ಅನುಪಾತ ನಮ್ಮೂರಿನಲ್ಲಿ ಕನಸಿನಲ್ಲೂ ದೊರೆಯದು. ಮನಸ್ಸಿನಲ್ಲೇ ಸಾಠೆ ಬಾಯಿಯವರಿಗೆ ವಂದಿಸಿ, “ಒಬ್ಬೊಬ್ಬರು ಒಂದೊಂದರ ಮುಂದೆ ಕುಳಿತುಕೊಳ್ಳಿ,” ಎಂದೆ.

ನಾಲ್ವರೂ ಒಂದರ ಮುಂದೆ ಕುಳಿತರು.

ಕೆಲಸ ಆರಂಭವಾದಾಗ ನನಗೆ ಅರ್ಥವಾಯಿತು. ಅವರು ಕೀಲಿಮಣೆಯನ್ನು ಪಾಲು ಮಾಡಿಕೊಂಡಿದ್ದರು. ಅಕ್ಷರಗಳು ದೇವಮ್ಮನವು. ಅಂಕಿಗಳು ಒಬ್ಬ ತರುಣಿಯವು, ಮೌಸ್ ಇನ್ನೊಬ್ಬಳದು. ಮೂವರ ಕೆಲಸ ಮುಗಿದಾಗ ಎಲ್ಲರೂ ಕೈ ಹಿಂದಕ್ಕೆ ತೆಗೆದುಕೊಂಡು ಕಾಯುತ್ತಿದ್ದರು. ಆಗ ಭೀಮವ್ವನವರು ಬೆರಳನ್ನು ಸೆರಗಿಗೆ ಒರೆಸಿಕೊಂಡು, ಪರದೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಶಂಕುಸ್ಥಾಪನೆಗೆ ಬಂದ ಮಂತ್ರಿಗಳ ಗಾಂಭೀರ್ಯದಿಂದ ಎಂಟರ್ ಒತ್ತುತ್ತಿದ್ದರು. ಬೇರೆ ಯಾರೂ ಆ ಗುಂಡಿಯನ್ನು ಮುಟ್ಟುತ್ತಿರಲಿಲ್ಲ. ಇವರೆಲ್ಲರ ಬಳಿ ಮೊಬೈಲ್ ಇದೆ, ಅದರಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಊರಿಗೆ ಹಣ ಕಳಿಸುತ್ತಾರೆ. ಆದರೆ ಮೊಬೈಲ್ ಸ್ವಂತದ್ದು. ಮೇಜು ಕುರ್ಚಿ ಹಾಕಿ ಕೂರಿಸಿದ ಕಂಪ್ಯೂಟರ್ ಮಾತ್ರ ಅವರ ಕಣ್ಣಿಗೆ ‘ಕೆಲಸ’ವಾಗಿ ಕಂಡಿತ್ತು, ಕೆಲಸವೆಂದರೆ ತಂಡದ್ದು.

ಇದನ್ನು ಸಹಿಸುವುದು ನನ್ನಿಂದಾಗಲಿಲ್ಲ. ಎದ್ದು ನಿಂತು, ಕಲಿಕೆ ಪ್ರತಿಯೊಬ್ಬರ ಸ್ವಂತ ಹಕ್ಕೆಂದೂ, ನಿರ್ಧಾರವನ್ನು ಹಿರಿಯರಿಗೆ ಒಪ್ಪಿಸಿಬಿಡುವ ಅಭ್ಯಾಸವೇ ನಮ್ಮ ಹೆಂಗಸರನ್ನು ಹಿಂದಿಟ್ಟಿದೆಯೆಂದೂ, ಎಂಟರ್ ಗುಂಡಿಗೆ ಜಾತಿ ವಯಸ್ಸುಗಳಿಲ್ಲವೆಂದೂ ಪ್ರತಿಪಾದಿಸಿದೆ. ಮಾತು ಮುಗಿದಾಗ ನನಗೇ ಚಪ್ಪಾಳೆಯ ನಿರೀಕ್ಷೆಯಿತ್ತು.

“ಖರೇ ಅದ್ರೀ, ಟೀಚರ್ರಿ,” ಎಂದರು ಭೀಮವ್ವ. “ಭಾಳ ಚೊಲೊ ಹೇಳಿದ್ರಿ.” ಮತ್ತೆ ಉಳಿದವರತ್ತ ತಿರುಗಿ, “ಕೇಳಿದ್ರಿಲ್ಲ? ಇನ್ನ ಬರೀರಿ. ಬರದ ಮ್ಯಾಲ ಹೇಳ್ರಿ, ನಾ ಒತ್ತತೀನಿ,” ಎಂದರು.

ವಿರೋಧಿಸುವವರನ್ನು ಸೋಲಿಸಬಹುದು, ಒಪ್ಪಿಕೊಂಡುಬಿಡುವವರನ್ನು ಏನು ಮಾಡುವುದೆಂದು ಯಾವ ಸ್ಪರ್ಧೆಯೂ ನನಗೆ ಕಲಿಸಿರಲಿಲ್ಲ. ಮರುದಿನ ಒಳಕೋಣೆಯ ಗೋಡೆಯಲ್ಲಿ ಹೊಸದೊಂದು ಫಲಕ ಕಾಣಿಸಿಕೊಂಡಿತು: “ಭಾಷಣಗಳಿಗಾಗಿ ಪುಣೆಯಲ್ಲಿ ಅನೇಕ ಸಭಾಗೃಹಗಳಿವೆ.”

ಆ ಗುರುವಾರದ ವಿರಾಮದಲ್ಲೇ ಚಿಕ್ಕಿಯ ಡಬ್ಬಿ ತೆರೆದು ಹಂಚಿದ್ದೆ. ನಾನು ಲೋಣಾವಳಾಕ್ಕೆ ಹೋದ ಬಗೆಯನ್ನು ಕೇಳಿ ತರುಣಿಯರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಭೀಮವ್ವನವರು ನಗದೆ, “ಗಾಡ್ಯಾಗ ನಿಮ್ಮ ಜೋಡಿ ಯಾರೂ ಇದ್ದಿಲ್ಲೇನ್ರಿ?” ಎಂದು ನಿಜವಾದ ಕಾಳಜಿಯಿಂದ ಕೇಳಿದರು. ಆಗ ನಾನು, ಎಂಟರ್ ಏಕೆ ತಮ್ಮೊಬ್ಬರ ಪಾಲಿಗೆ ಎಂದು ನೇರವಾಗಿ ವಿಚಾರಿಸಿದೆ.

“ಸೈಟಿನ್ಯಾಗ ನಾವು ಮಾಲು ಕಲಸ್ತೀವ್ರಿ, ಸಿಮೆಂಟು ಉಸುಕು. ಕಲಸಾಕಿ ಒಬ್ಬಾಕಿ, ನೀರು ಹಾಕಾಕಿ ಒಬ್ಬಾಕಿ. ನಾ ‘ಆಗ್ಯಾದ’ ಅಂದ ಮ್ಯಾಲೇ ಮೊದಲನೇ ಬುಟ್ಟಿ ಏಳೋದು. ಮಾಲು ತೆಳ್ಳಗ ಆತಂದ್ರ ಮೇಸ್ತ್ರಿ ಯಾರಿಗಿ ಬೈತಾನ? ನನಗ. ‘ಆಗ್ಯಾದ’ ಅನ್ನೋ ಮಾತು ಒಬ್ಬರ ಬಾಯಾಗ ಇರಬೇಕ್ರಿ. ಇಲ್ಲಾಂದ್ರ ಬೈಗುಳ ಹಂಚಿಕೊಳ್ಳೋದ್ರಾಗ ದಿನಾ ಹೋಗ್ತದ.”

ನಾನು ಊಳಿಗಮಾನ್ಯವೆಂದು ಬಗೆದದ್ದು ಬೈಗುಳದ ಮಳೆಗೆ ಹಿಡಿದ ಒಂದು ಬಗೆಯ ಕೊಡೆಯಾಗಿತ್ತು. ಹಾಗೆಂದು ನನ್ನ ವಾದವನ್ನು ನಾನು ಬಿಟ್ಟುಕೊಡಲಿಲ್ಲ, ಇಂದಿಗೂ ಬಿಟ್ಟಿಲ್ಲ. ಕೊಡೆಯ ಕೆಳಗೆ ಮಳೆ ಬೀಳುವುದಿಲ್ಲ, ಬೆಳಕೂ ಕಡಿಮೆಯೇ. ಜೊತೆಗೆ, ಎಂಟರ್ ಒತ್ತುವಾಗ ಭೀಮವ್ವನವರ ಮುಖದಲ್ಲಿ ತ್ಯಾಗಕ್ಕಿಂತ ಆನಂದವೇ ಹೆಚ್ಚಿತ್ತೆಂಬುದಕ್ಕೆ ನಾನು ಪ್ರತ್ಯಕ್ಷ ಸಾಕ್ಷಿ.

“ತಳೇಗಾಂವದಲ್ಲಿ ದೇವಮ್ಮ ಒಬ್ಬರೇ ಕುಳಿತುಕೊಳ್ಳಬೇಕು. ಅಲ್ಲಿ ಎಂಟರ್ ಯಾರು ಒತ್ತುತ್ತಾರೆ?” ಎಂದೆ.

ಭೀಮವ್ವನವರು ಚಿಕ್ಕಿ ಅಗಿಯುವುದನ್ನು ನಿಲ್ಲಿಸಿದರು. “ಅದ ನನಗೂ ಚಿಂತಿ ಹತ್ಯಾದ್ರಿ,” ಎಂದರು. “ಈಕಿ ಮೊಣಕಾಲು ಇನ್ನೊಂದು ಮಳಿಗಾಲ ತಡ್ಯಂಗಿಲ್ಲ. ಊರಿಗಿ ಹೋದ್ರ ನಾದಿನಿ ಕೈಯಾಗ ಗಂಜಿ ಕುಡೀಬೇಕು. ಹೆಂಗರ ಮಾಡಿ ಕಲಿಸ್ರಿ.”

ಶುಕ್ರವಾರದಿಂದ ಬುಧವಾರ

ಆ ವಾರದ ಸಂಜೆಗಳಲ್ಲಿ ದೇವಮ್ಮ ಒಬ್ಬರೇ ಬಂದು ಕುಳಿತರು. ತರಕಾರಿಯ ಹೆಸರು ಮರಾಠಿ, ಬರೆಯುವ ಅಕ್ಷರ ಇಂಗ್ಲಿಷ್, ಹೇಳಿಕೊಡುವ ಮಾತು ಕನ್ನಡ. ಈ ಮೂರು ಹಳ್ಳಗಳನ್ನು ಅವರು ಸೀರೆ ಒದ್ದೆಯಾಗದಂತೆ ದಾಟಿದರು. ಅಂಕಿಗಳನ್ನು ಕಲಿತರು, ಮೌಸನ್ನು ಹಿಡಿತಕ್ಕೆ ತಂದುಕೊಂಡರು. ಬಟಾಟೆ ಎಂದೂ, ಪಕ್ಕದಲ್ಲಿ ತೂಕವನ್ನೂ ಬರೆಯುತ್ತಿದ್ದರು. ಬರೆದು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ಹಿಂದೆ ಯಾರೂ ಇರುತ್ತಿರಲಿಲ್ಲ.

“ಸರಿಯಾಗಿದೆ, ಒತ್ತಿ,” ಎನ್ನುತ್ತಿದ್ದೆ.

“ಸರಿ ಅದ ಅಂತ ನನಗೂ ಗೊತ್ತದ್ರಿ,” ಎಂದರು ಒಂದು ಸಂಜೆ. “ಬೆರಳ ಏಳಂಗಿಲ್ಲ. ಭೀಮವ್ವ ದೊಡ್ಡವ್ವ ಇರೋತನಕ ನಾ ಒತ್ತಿದ್ರ ಆಕಿನ್ನ ಬದಿಗಿ ಸರಿಸಿದಂಗ ಆಗ್ತದ. ನೀವು ನಗಬ್ಯಾಡ್ರಿ.”

ನಾನು ನಗಲಿಲ್ಲ. ಮುಂದಿನ ಸಂಜೆ ಆ ಬೆರಳು ತಾನಾಗಿಯೇ ಎದ್ದು ಎಂಟರ್ ಒತ್ತಿತು, ಮತ್ತೊಮ್ಮೆ ಒತ್ತಿತು. ನನ್ನ ಬೋಧನಾಕ್ರಮದ ಬಗ್ಗೆ ನನಗೆ ಗೌರವ ಹೆಚ್ಚಾಗುತ್ತಿದ್ದಾಗ, ದೇವಮ್ಮ ಪ್ರತಿಸಲವೂ ಒತ್ತುವ ಮುನ್ನ ಎಡಕ್ಕೆ ಕಣ್ಣು ಹೊರಳಿಸುವುದನ್ನು ಕಂಡೆ. ಎಡಕ್ಕೆ ಕಿಟಕಿ. ಕಿಟಕಿಯಾಚೆ, ಮಳೆಯಲ್ಲಿ, ತಲೆಗೆ ಪ್ಲಾಸ್ಟಿಕ್ ಹಾಳೆ ಹೊದ್ದು ಭೀಮವ್ವನವರು ನಿಂತಿದ್ದರು. ದೇವಮ್ಮನನ್ನು ಮನೆಗೆ ಕರೆದೊಯ್ಯಲು ಬಂದವರು. ಅವರು ತಲೆಯಾಡಿಸುತ್ತಿದ್ದರು, ಇವರು ಒತ್ತುತ್ತಿದ್ದರು. ಪರದೆಯ ಅಕ್ಷರ ಅಷ್ಟು ದೂರಕ್ಕೆ ಕಾಣುವಂತೆಯೇ ಇರಲಿಲ್ಲ.

ಬುಧವಾರ ಕಿಟಕಿಯ ಗಾಜಿಗೆ ಸಾಠೆ ಬಾಯಿಯವರ ಫಲಕ ಅಂಟಿತ್ತು: “ಹೊರಗೆ ನಿಂತು ತಲೆಯಾಡಿಸುವವರು ಒಳಗೆ ಬಂದು ಓದಬಹುದು. ಪ್ರವೇಶ ಉಚಿತ.” ಭೀಮವ್ವನವರಿಗೆ ಮರಾಠಿ ಓದಲು ಬಾರದು. ಫಲಕ ಅವರ ಮುಖಕ್ಕೆ ಅಡ್ಡವಾಯಿತೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.

ತಳೇಗಾಂವ ದಾಭಾಡೆ

ಗುರುವಾರ ಮೂವರೂ ಲೋಕಲ್ ರೈಲಿನಲ್ಲಿ ತಳೇಗಾಂವಕ್ಕೆ ಹೊರಟೆವು. ಈ ಸಲ ಪ್ರತಿ ನಿಲ್ದಾಣದ ಹೆಸರನ್ನೂ ಭೀಮವ್ವನವರು ನನಗೆ ಕೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದರು. ಕಾರ್ಖಾನೆಯ ಹಿಂಬದಿಯಲ್ಲಿ ಕ್ಯಾಂಟೀನು. ಸ್ಟೋರಿನ ಪುಟ್ಟ ಕೋಣೆಗೆ ಗಾಜಿನ ಅಡ್ಡಗೋಡೆ, ಅದರಲ್ಲಿ ಕೂಪನ್ ಕೊಡಲೆಂದು ಕೈ ತೂರುವಷ್ಟು ಕಿಂಡಿ. ಮ್ಯಾನೇಜರ್ ಕದಮ್ ಎಂಬುವರು, ಬೆಳಗಿನ ಉಪಾಹಾರದ ಗಲಾಟೆಯಿಂದ ಆಗಲೇ ದಣಿದವರು, ದೇವಮ್ಮನನ್ನು ಒಳಗೆ ಕೂರಿಸಿ ನಮ್ಮನ್ನು ಹೊರಗೆ ನಿಲ್ಲಿಸಿದರು. ತಾವು ಒಂದೊಂದು ಸಾಮಾನಿನ ಹೆಸರು, ತೂಕ ಹೇಳುವುದು. ದೇವಮ್ಮ ಬರೆದು ಎಂಟರ್ ಒತ್ತುವುದು. “ಒತ್ತಿದ ಮೇಲೆ ಅದು ಲೆಕ್ಕಕ್ಕೆ ಸೇರಿತು, ತಿಳಿಯಿತೇ? ಆಮೇಲೆ ತೆಗೆಯಬೇಕಾದರೆ ನಾನೇ ಬರಬೇಕು,” ಎಂದು ಮರಾಠಿಯಲ್ಲಿ ಎಚ್ಚರಿಸಿದರು. ಆ ಎಚ್ಚರಿಕೆ ಇಲ್ಲದಿದ್ದರೆ ಚೆನ್ನಾಗಿತ್ತು.

ಮೊದಲನೆಯದು ಈರುಳ್ಳಿ. ದೇವಮ್ಮ ಹೆಸರು ಬರೆದರು, ತೂಕ ಬರೆದರು. ಆಮೇಲೆ ಕೈಗಳೆರಡೂ ಮಡಿಲಿಗೆ ಹೋದವು. ಅವರು ತಿರುಗಿ ಗಾಜಿನಾಚೆ ನಮ್ಮನ್ನು ನೋಡಿದರು. ಕದಮ್ ಗಡಿಯಾರ ನೋಡಿಕೊಂಡರು.

ಒತ್ತಿ ಎಂದು ಸನ್ನೆ ಮಾಡಲು ನಾನು ಕೈಯೆತ್ತಿದೆ. ಭೀಮವ್ವನವರು ಆ ಕೈಯನ್ನು ಗಾಳಿಯಲ್ಲೇ ಹಿಡಿದರು. “ಟೀಚರ್ರಿ, ಈ ಕಡಿ ತಿರುಗ್ರಿ,” ಎಂದು, ಇಟ್ಟಿಗೆ ತಿರುಗಿಸಿದಷ್ಟೇ ಸುಲಭವಾಗಿ ನನ್ನನ್ನು ತಿರುಗಿಸಿ, ತಾವೂ ಗಾಜಿಗೆ ಬೆನ್ನು ಮಾಡಿ ನಿಂತರು.

ನಮ್ಮ ಎದುರಿಗಿದ್ದುದು ತಟ್ಟೆ ತೊಳೆಯುವ ತೊಟ್ಟಿ. ಸ್ಟೀಲಿನ ತಟ್ಟೆಗಳು ಒಂದರ ಮೇಲೊಂದು ಬೀಳುವ ಸದ್ದಿನಲ್ಲಿ ಹಿಂದಿನದೇನೂ ಕೇಳುತ್ತಿರಲಿಲ್ಲ. ಭೀಮವ್ವನವರು ನೇರವಾಗಿ ತೊಟ್ಟಿಯನ್ನೇ ನೋಡುತ್ತಿದ್ದರು, ಅಲ್ಲಿ ತುಂಬ ಮಹತ್ವದ್ದೇನೋ ನಡೆದಿದೆ ಎಂಬಂತೆ. ಅವರ ಕೈ ನನ್ನ ಮಣಿಕಟ್ಟನ್ನು ಬಿಟ್ಟಿರಲಿಲ್ಲ. ತಟ್ಟೆ ತೊಳೆಯುವಾಕೆ ನಮ್ಮಿಬ್ಬರನ್ನೂ ಅನುಮಾನದಿಂದ ನೋಡಿ, ನಲ್ಲಿ ನಿಲ್ಲಿಸಿದಳು. ಆ ನಿಶ್ಶಬ್ದದಲ್ಲಿ, ಕಿಂಡಿಯ ಮೂಲಕ, ಕದಮರ ಧ್ವನಿ ಬಂದಿತು: “ಪುಢೆ.”

ಪುಢೆ ಎಂದರೆ ಮುಂದಿನದು. ಒತ್ತಿಯಾಗಿತ್ತು.

ಆಲೂಗಡ್ಡೆ, ಪುಢೆ. ಟೊಮೇಟೊ, ಪುಢೆ. ತೊಗರಿಬೇಳೆ, ಪುಢೆ. ಪ್ರತಿ ಮಾತಿಗೂ ಭೀಮವ್ವನವರ ಹಿಡಿತ ಒಂದಿಷ್ಟು ಸಡಿಲವಾಗುತ್ತಿತ್ತು. ಅವರ ಮುಖವೂ ಒಂದಿಷ್ಟು ಖಾಲಿಯಾಗುತ್ತಿತ್ತು.

ಆಮೇಲೆ ಮಾತು ನಿಂತಿತು. ಕುರ್ಚಿ ಎಳೆದ ಸದ್ದು. “ಐವತ್ತು ಕಿಲೋ ಬೆಳ್ಳುಳ್ಳಿಯೇ?” ಎಂದರು ಕದಮ್. “ನಾನು ಹೇಳಿದ್ದು ಐದು. ಇಷ್ಟನ್ನು ಬೇಯಿಸಿದರೆ ಕಾರ್ಖಾನೆಯನ್ನು ಖಾಲಿ ಮಾಡಿಸಬೇಕಾಗುತ್ತದೆ. ಯಾರು ಮಾಡಿದ್ದು ಇದು?”

ಕೋಣೆಯಲ್ಲಿದ್ದವರು ಇಬ್ಬರೇ, ಆದರೂ ಎಲ್ಲ ಮ್ಯಾನೇಜರುಗಳಂತೆ ಅವರೂ ಹಾಗೆಯೇ ಕೇಳಿದರು. ಭೀಮವ್ವನವರು ಗಿರಕ್ಕನೆ ತಿರುಗಿ ಬಾಗಿಲಿನತ್ತ ಒಂದು ಹೆಜ್ಜೆ ಇಟ್ಟರು. “ನಾನ ಅಂತ ಹೇಳ್ತೀನಿ ತಡೀರಿ,” ಎಂದರು. ಎಷ್ಟೋ ವರ್ಷಗಳ ರೂಢಿ ಅದು. ಈಗ ಅವರ ಕೈಯನ್ನು ಹಿಡಿಯುವ ಸರದಿ ನನ್ನದಾಯಿತು. ನಾನು ಹಿಡಿದೆ, ಭಾರ ಹೊತ್ತು ಬಲಿತ ಆ ತೋಳು ನನ್ನನ್ನೂ ಅರ್ಧ ಗಜ ಎಳೆದುಕೊಂಡು ಹೋಯಿತು.

“ಮೀಚ್ ಕೇಲಂ, ಸಾಹೇಬ್,” ಎಂದಿತು ದೇವಮ್ಮನ ಧ್ವನಿ. ನಾನೇ ಮಾಡಿದ್ದು.

ಭೀಮವ್ವನವರು ನಿಂತರು.

ಕದಮರು ತಮ್ಮ ಗುಪ್ತಪದ ಹಾಕಿ ಆ ಸಾಲನ್ನು ತೆಗೆದರು. ದೇವಮ್ಮ ಐದು ಎಂದು ಬರೆದು ಒತ್ತಿದರು. ಆಚೆ ಬಂದು ಕದಮ್ ನಮಗೆ ಹೇಳಿದ್ದಿಷ್ಟು: ಸೋಮವಾರದಿಂದ ಬರಲಿ, ಒಂದು ತಿಂಗಳು ನೋಡೋಣ. ಆದರೆ ಇಲ್ಲಿಯ ಅಡುಗೆಯ ಮುಖ್ಯಸ್ಥರ ಬಾಯಿ ದೊಡ್ಡದು. ಈರುಳ್ಳಿ ಒಂದು ಕಿಲೋ ಕಡಿಮೆ ಬಂದರೂ ಊರಿಗೆ ಕೇಳುವಂತೆ ಬೈಯುತ್ತಾರೆ. ಹಿಂದೆ ಇದ್ದಾಕೆ ಎರಡನೆಯ ದಿನವೇ ಅಳುತ್ತ ಹೊರಟುಹೋದಳು. “ಅಳುವವರು ಬೇಡ,” ಎಂದು ಅವರು ಮಧ್ಯಾಹ್ನದ ಅನ್ನದ ವಿಚಾರಣೆಗೆ ಹೋದರು.

ಪುಣೆಯ ಲೋಕಲ್

ಪುಣೆಯ ಲೋಕಲ್ಲಿನ ಮಹಿಳೆಯರ ಬೋಗಿಯಲ್ಲಿ ಆಸನವೆಂಬುದು ಮೂವರಿಗಾಗಿ ಮಾಡಿ ಐವರು ಕೂರುವ ವಸ್ತು. ಹತ್ತಿದವರು ‘ಜರಾ ಸರಕಾ’ ಎನ್ನುತ್ತಾರೆ, ಕುಳಿತವರು ಮುಖವೆತ್ತದೆ ಸರಿಯುತ್ತಾರೆ. ನಮ್ಮ ಬಸ್ಸುಗಳಲ್ಲಿ ಇದೇ ಕೆಲಸಕ್ಕೆ ಒಂದು ಜಗಳ, ಒಂದು ವಂಶಾವಳಿ ಬೇಕಾಗುತ್ತದೆ. ನಾವು ಸರಿಸಿ ಕುಳಿತೆವು. ದೇವಮ್ಮ ಮೊಣಕಾಲನ್ನು ನೀವಿಕೊಳ್ಳುತ್ತ ತಮ್ಮಷ್ಟಕ್ಕೆ ನಗುತ್ತಿದ್ದರು. ನಾನು ಅಭಿನಂದನೆಯ ನಾಲ್ಕು ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಭೀಮವ್ವನವರು ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಕುಳಿತಿದ್ದರು.

“ಟೀಚರ್ರಿ, ಒಂದು ಮರ್ತೀವಿ,” ಎಂದರು. “ಈಕಿಗಿ ಬೈಸ್ಕೊಳ್ಳಾಕ ಬರಂಗಿಲ್ಲ.”

“ಅದನ್ನೂ ಕಲಿಯಬೇಕೇ?”

“ಮತ್ತ? ಇಷ್ಟು ವರ್ಷ ಎಲ್ಲಾರದೂ ನಾನ ಬೈಸ್ಕೊಂಡೀನಿ. ಈಕಿಗಿ ಒಂದಿನಾನೂ ಬಿಟ್ಟಿಲ್ಲ. ಈಗ ಆ ಅಡಗಿ ಸಾಹೇಬ ಬಾಯಿ ತೆಗೆದ್ನಂದ್ರ ಅತ್ಗೊಂತ ಬರ್ತಾಳ ನೋಡ್ರಿ.”

ದುಡಿಯುವವರು ಬೈಗುಳವನ್ನು ಸಹಿಸುವ ಅಗತ್ಯವೇ ಇಲ್ಲವೆಂದೂ, ಗೌರವಯುತ ವರ್ತನೆ ಕೆಲಸದ ಒಂದು ಮೂಲಭೂತ ನಿಬಂಧನೆಯೆಂದೂ ನಾನು ಆಕ್ಷೇಪಿಸಿದೆ. ಇದನ್ನು ನಾನು ಮನಃಪೂರ್ವಕ ನಂಬುತ್ತೇನೆ.

“ಅದನ್ನ ನೀವು ಆ ಸಾಹೇಬಗ ಹೇಳ್ರಿ,” ಎಂದರು ಭೀಮವ್ವ. “ನೀವು ಹೇಳಿ ಮುಗಸೋತನಕ ಈಕಿ ಬೈಸ್ಕೊಂತಿರ್ಲಿ.” ಮತ್ತೆ ದೇವಮ್ಮನ ಕಡೆ ತಿರುಗಿದರು. “ಕೇಳಿಲ್ಲಿ. ಬೈಯೋರ ಮಾರಿ ನೋಡಬ್ಯಾಡ, ಪಾದ ನೋಡು. ನಡುವ ಮಾತಾಡಬ್ಯಾಡ. ಅವರೂ ಮನಿಷ್ಯಾರ, ದಣೀತಾರ. ದಣಿದು ಉಸುರು ತಗೊಳ್ಳೋ ಹೊತ್ತಿಗಿ, ‘ಹೌದ್ರಿ, ನಂದ ತಪ್ಪು’ ಅನ್ನು. ಲಗೂನ ಅಂದ್ರ ಸೊಕ್ಕು ಅಂತಾರ. ತಡಾ ಮಾಡಿದ್ರ ಕಿವುಡಿ ಅಂತಾರ. ಟೀಚರ್ರಿ, ಜರಾ ಬೈರಿ ಈಕಿಗಿ.”

ವಿದ್ಯಾರ್ಥಿನಿಯ ಹಿತಕ್ಕಾಗಿ ನಾನು ಗಂಟಲು ಸರಿಮಾಡಿಕೊಂಡೆ. “ದೇವಮ್ಮನವರೇ, ಐವತ್ತು ಕಿಲೋ ಎಂದು ನಮೂದಿಸುವ ಮುನ್ನ ಒಮ್ಮೆ ಪರಿಶೀಲಿಸಬಾರದಿತ್ತೇ? ಇದರಿಂದ ಸಂಸ್ಥೆಗೆ ಆಗಬಹುದಾದ ನಷ್ಟವನ್ನು ನೀವು ಊಹಿಸಿದ್ದೀರಾ?”

ದೇವಮ್ಮನಿಗೆ ನಗು ತಡೆಯಲಾಗಲಿಲ್ಲ. “ಇದು ಬೈಗುಳಲ್ರಿ, ಪಾಠ,” ಎಂದರು ಭೀಮವ್ವ, ಬೇಸರದಿಂದ.

ಎದುರಿಗೆ ಖಾಲಿ ಬುಟ್ಟಿಯ ಮೇಲೆ ಕಾಲು ಚಾಚಿ ಕುಳಿತಿದ್ದ ಹೆಂಗಸೊಬ್ಬರು, ತರಕಾರಿ ಮಾರಿ ಬಂದವರು, ಇದೇನು ನಡೆದಿದೆಯೆಂದು ಮರಾಠಿಯಲ್ಲಿ ಕೇಳಿದರು. ಭೀಮವ್ವನವರು ತಮ್ಮ ಸಂತೆಯ ಮರಾಠಿಯಲ್ಲಿ ಸಂಗತಿ ವಿವರಿಸಿದರು: ಹೊಸ ಕೆಲಸ, ದೊಡ್ಡ ಬಾಯಿಯ ಅಡುಗೆಯವನು, ಬೆಳ್ಳುಳ್ಳಿ. ಆಕೆ ತಲೆದೂಗಿ, ಬಾಯಲ್ಲಿದ್ದುದನ್ನು ಕಿಟಕಿಯಾಚೆ ಉಗಿದು, ಸೊಂಟಕ್ಕೆ ಕೈಯಿಟ್ಟರು. ಆಮೇಲೆ ಹೊರಟ ಧಾರೆಯನ್ನು ಪೂರ್ತಿ ಅನುವಾದಿಸುವ ಶಕ್ತಿ ನನಗಿಲ್ಲ. ದೇವಮ್ಮನ ಕಣ್ಣುಗಳು ಮುಖದಲ್ಲಿವೆಯೋ ಉಪ್ಪಿನಕಾಯಿ ಜಾಡಿಯಲ್ಲಿವೆಯೋ, ಆಕೆಯ ತೌರಿನಲ್ಲಿ ಬೆಳ್ಳುಳ್ಳಿಯ ಸ್ನಾನ ಮಾಡುವ ಪದ್ಧತಿಯಿದೆಯೋ, ಐದರ ಮುಂದೆ ಸೊನ್ನೆ ಇಟ್ಟ ಬೆರಳು ಅನ್ನ ತಿನ್ನುವ ಬೆರಳೋ ಎಂಬ ಪ್ರಶ್ನೆಗಳು ಅದರಲ್ಲಿದ್ದವು. ಬೋಗಿಯಲ್ಲಿದ್ದ ಒಬ್ಬ ಕಾಲೇಜು ಹುಡುಗಿ ಕಿವಿಯಿಂದ ತಂತಿಯನ್ನು ತೆಗೆದು ಆಲಿಸಿದಳು. ಇಂಥ ಮಂಡನೆಯನ್ನು ನಾನು ಯಾವ ಅಂತಿಮ ಸುತ್ತಿನಲ್ಲೂ ಕೇಳಿರಲಿಲ್ಲ.

ದೇವಮ್ಮನ ನಗು ಮೊದಲ ಮಾತಿಗೇ ಆರಿತ್ತು. ಅವರು ಆಕೆಯ ಪಾದವನ್ನೇ ನೋಡುತ್ತ ಕುಳಿತರು. ಕಣ್ಣಂಚಿನಲ್ಲಿ ನೀರು ಬಂದಿತು, ನಿಂತಿತು, ಕೆಳಗಿಳಿಯಲಿಲ್ಲ. ಬುಟ್ಟಿಯಾಕೆ ಉಸಿರೆಳೆದುಕೊಳ್ಳಲು ಬಾಯಿ ಮುಚ್ಚಿದಾಗ ದೇವಮ್ಮ, “ಹೋ ಬಾಯಿ, ಮಾಝಂಚ್ ಚುಕ್ಲಂ,” ಎಂದರು. ಹೌದಮ್ಮ, ತಪ್ಪು ನನ್ನದೇ.

ಭೀಮವ್ವನವರು ತಲೆ ಅಲ್ಲಾಡಿಸಿದರು. “ಲಗೂನ ಅಂದಿ, ತಂಗಿ. ಇನ್ನೊಮ್ಮಿ.”

ಬುಟ್ಟಿಯಾಕೆ ನನ್ನ ಬಾಟಲಿಯಿಂದ ಎರಡು ಗುಟುಕು ನೀರು ಕುಡಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊದಲಿನಿಂದ ಆರಂಭಿಸಿದರು.